ಗದ್ದೆ, ತೋಟದ ಕೆಲಸದಿಂದಲೇ ಮಂಡಿ ಸವೆಯುತ್ತಾ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ಮೊದಲಿನಿಂದಲೂ ಗದ್ದೆ, ತೋಟದ ಕೆಲಸ. ಈಗ ಮಂಡಿ ನೋವು, ಕೂತರೆ ಏಳೋಕೆ ಆಗಲ್ಲ. ಇದು ಕೆಲಸದಿಂದಲೇ ಬಂತಾ? ಹಂದಿಗೋಡು ಕಾಯಿಲೆ ಇರಬಹುದು ಅಂತಲೂ ಕೆಲವರು ಹೆದರಿಸುತ್ತಾರೆ.
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಹಂದಿಗೋಡಿನ ಭಯ ಮೊದಲು ಬಿಡಿ. ಸಾಗರ ತಾಲ್ಲೂಕಿನ ಆ ಊರಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ವಂಶದಲ್ಲಿ ಹರಿದು ಬರುವಂಥದ್ದು. ಮೂಳೆಯ ಬೆಳವಣಿಗೆಯಲ್ಲೇ ದೋಷ ಇರುತ್ತದೆ. ಸೊಂಟ, ಮಂಡಿ ಚಿಕ್ಕ ವಯಸ್ಸಿಗೇ ಕೈಕೊಡುತ್ತವೆ. ಗದ್ದೆಗೆ ಹೊಡೆದ ಔಷಧಿ, ಅಲ್ಲಿನ ಏಡಿ ತಿಂದದ್ದು ಕಾರಣ ಅಂತ ಆಗ ಅನುಮಾನಪಟ್ಟಿದ್ದರು. 50 ದಾಟಿದ ಮೇಲೆ ಶುರುವಾದ ನೋವು ಆ ಕಾಯಿಲೆಯಾಗಿರುವ ಸಾಧ್ಯತೆ ತೀರಾ ಕಡಿಮೆ.

ಅಮ್ಮನದು ಹೆಚ್ಚಾಗಿ ಕೀಲು ಸವೆತ ಇರಬೇಕು. ವಯಸ್ಸು, ತೂಕ, ಹಳೇ ಪೆಟ್ಟು ಎಲ್ಲ ಸೇರಿ ಬರುತ್ತದೆ, ಅದರಲ್ಲಿ ಕೆಲಸದ ಪಾಲೂ ಇದೆ. ಬ್ರಿಟನ್ನಿನಲ್ಲಿ 10 ವರ್ಷ ಕೃಷಿ ಕೆಲಸ ಮಾಡಿದವರ ಸೊಂಟದ ಕೀಲು ಸವೆತ 2005ರಿಂದ ಕಸುಬಿನ ಕಾಯಿಲೆಗಳ ಸರ್ಕಾರಿ ಪಟ್ಟಿಯಲ್ಲಿದೆ. ನಮ್ಮಲ್ಲಿ ‘ವಯಸ್ಸಾಯ್ತಲ್ವಾ’ ಅಂದರೆ ಮುಗೀತು!

ಎಲ್ಲ ಕೆಲಸವೂ ಒಂದೇ ಥರ ಅಲ್ಲ. ನಟ್ಟಿಯಲ್ಲಿ ಬಗ್ಗಿ ಬಗ್ಗಿ ಜಾಸ್ತಿ ನೋಯುವುದು ಬೆನ್ನು. ಮಂಡಿ ಹಾಳಾಗುವುದು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವಾಗ, ಉದುರಿದ ಅಡಿಕೆ ಹೆಕ್ಕುವಾಗ, ತಲೆ ಮೇಲೆ ಗೊಬ್ಬರದ ಬುಟ್ಟಿ ಹೊತ್ತು ಜಾರುವ ಧರೆ ಇಳಿಯುವಾಗ. ಅಡಿಕೆ ಸುಲಿಯುವವರನ್ನು ನೋಡಿ. ಮೆಟ್ಟುಗತ್ತಿ ಮುಂದೆ ಕಾಲು ಮಡಚಿ ಕೂತರೆ ರಾತ್ರಿ ಊಟದ ತನಕ ಏಳುವುದಿಲ್ಲ. ಸುಲಿದಷ್ಟಕ್ಕೆ ಕೂಲಿ, ಮಧ್ಯೆ ಎದ್ದರೆ ನಷ್ಟ. ಆಮೇಲೆ ಏಳಬೇಕಾದಾಗ ಗೋಡೆ ಹಿಡಿಯಬೇಕು.

ಹಾಗಂತ ಅಮ್ಮನನ್ನು ಮೂಲೆಗೆ ಕೂರಿಸಬೇಡಿ. ಸುಮ್ನೆ ಕೂತರೆ ತೊಡೆಯ ಸ್ನಾಯು ಸೊರಗಿ ಮಂಡಿಗೆ ಆಸರೆಯೇ ಇಲ್ಲದಂತಾಗುತ್ತದೆ. ಕೆಲಸ ಇರಲಿ, ಕೂರುವ ರೀತಿ ಬದಲಾಗಲಿ. ಸುಲಿಯಲು ಎತ್ತರದ ಬೆಂಚು, ಹೊರಲು ಸಣ್ಣ ಬುಟ್ಟಿ ಅಥವಾ ಕೈಗಾಡಿ, ಅರ್ಧ ಗಂಟೆಗೊಮ್ಮೆ ನಾಲ್ಕು ಹೆಜ್ಜೆ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸಲಿ, ದಿನಾ ಹತ್ತು ಸಲ. ತೂಕ ಜಾಸ್ತಿ ಇದ್ದರೆ ಇಳಿಸಿದ ಒಂದೊಂದು ಕೆಜಿಗೂ ಪ್ರತಿ ಹೆಜ್ಜೆಯಲ್ಲಿ ಮಂಡಿಗೆ ಸುಮಾರು 4 ಕೆಜಿ ಭಾರ ಕಡಿಮೆ.

ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುವುದು ಬೇಡ, ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು. ಹೆಸರಿಲ್ಲದ ಪುಡಿ ಒಂದೇ ದಿನದಲ್ಲಿ ನೋವು ಇಳಿಸಿದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು.

ಬೆಳಿಗ್ಗೆ ಎದ್ದಾಗ ಕೀಲುಗಳ ಬಿಗಿತ ಅರ್ಧ ಗಂಟೆಗೂ ಮೀರಿ ಉಳಿದರೆ, ಎರಡೂ ಕೈಯ ಬೆರಳಿನ ಗೆಣ್ಣು ಊದಿದರೆ ಅದು ಬೇರೆಯೇ ಕಾಯಿಲೆ ಇರಬಹುದು, ಅದಕ್ಕೆ ರಕ್ತಪರೀಕ್ಷೆ ಬೇಕು. ಇನ್ನು ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಜ್ವರ ಬಂದು ಮೀನಖಂಡ ವಿಪರೀತ ನೋಯ್ತಾ ಇದ್ದರೆ, ಕಣ್ಣು ಕೆಂಪಾಗಿದ್ದರೆ ಮಂಡಿಗೆ ಎಣ್ಣೆ ಹಚ್ಚುತ್ತಾ ಕೂರಬೇಡಿ. ಇಲಿಜ್ವರ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.