ಕೀಟನಾಶಕ ತಿಂದ ಇಲಿ ದಪ್ಪ ಆಗಿದ್ದು ಯಾಕೆ?

ಪ್ರಶ್ನೆ: ಕ್ಲೋರ್‌ಪೈರಿಫಾಸ್ ಕೊಟ್ಟ ಇಲಿಗಳಿಗೆ ಬೊಜ್ಜು ಬಂತಂತೆ. ಅವು ಜಾಸ್ತಿ ತಿಂದಿರಬೇಕು, ಅಷ್ಟೇ ಅಲ್ವಾ?

ಅಲ್ಲ. ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ತಪ್ಪಿದೆ.

ಗೆದ್ದಲಿಗೆ, ಅಡಿಕೆ ತೋಟದ ಬೇರುಹುಳಕ್ಕೆ ಹಾಕುತ್ತೀರಲ್ಲ, ಅದೇ ಔಷಧಿ ಇದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 34 ಕೀಟನಾಶಕ, ಕಳೆನಾಶಕಗಳನ್ನು ಕಂದು ಕೊಬ್ಬಿನ ಜೀವಕೋಶಗಳ ಮೇಲೆ ಪರೀಕ್ಷಿಸಿದರು. ಅವುಗಳಲ್ಲಿ ಎದ್ದು ಕಂಡಿದ್ದು ಕ್ಲೋರ್‌ಪೈರಿಫಾಸ್. ಆಮೇಲೆ ಅದನ್ನು ಜಿಡ್ಡಿನ ಆಹಾರ ತಿನ್ನುವ ಇಲಿಗಳಿಗೆ ಕೊಟ್ಟರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು.

ಈಗ ನಿಮ್ಮ 'ಜಾಸ್ತಿ ತಿಂದಿರಬೇಕು'. ಸ್ವಾಮಿ, ಇಲಿ ಎಷ್ಟು ತಿಂದಿತು ಅಂತ ಅಳೆಯದೆ ಇಂಥ ಪ್ರಯೋಗ ಯಾರೂ ಮಾಡುವುದಿಲ್ಲ. ಔಷಧಿ ತಿಂದವು, ತಿನ್ನದವು, ಎರಡೂ ಗುಂಪಿನ ಊಟ ಒಂದೇ. ಓಡಾಟವೂ ಒಂದೇ. ಹಾಗಾದರೆ ಕೊಬ್ಬು ಎಲ್ಲಿಂದ ಬಂತು? ಸಂಬಳ ಏರದಿದ್ದರೂ ಖರ್ಚು ಇಳಿದರೆ ದುಡ್ಡು ಉಳಿಯುತ್ತದಲ್ಲ, ಹಾಗೆ.

ಬಿಳಿ ಕೊಬ್ಬು ಕೂಡಿಡುತ್ತದೆ, ಕಂದು ಕೊಬ್ಬು ಉರಿಸುತ್ತದೆ. ಅದರಲ್ಲಿರುವ ಯುಸಿಪಿ1 ಎಂಬ ಪ್ರೊಟೀನ್ ತಿಂದದ್ದರಲ್ಲಿ ಒಂದಷ್ಟನ್ನು ಸುಮ್ನೆ ಶಾಖ ಮಾಡಿ ಕಳೆದುಬಿಡುತ್ತದೆ. ಕ್ಲೋರ್‌ಪೈರಿಫಾಸ್ ಈ ಯುಸಿಪಿ1 ಅನ್ನೇ ತಗ್ಗಿಸಿತು. ಒಲೆಯ ಉರಿ ಸಣ್ಣದಾಯಿತು, ಸೌದೆ ಉಳಿಯಿತು. ಲಿವರ್‌ನಲ್ಲೂ ಕೊಬ್ಬು ಕೂತಿತು.

ಒಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದದ್ದು. ನಮಗೆ ಹಿತವಾಗಿರುವ 22 ಡಿಗ್ರಿ ಇಲಿಗೆ ಚಳಿ. ಚಳಿಯಲ್ಲಿ ಕಂದು ಕೊಬ್ಬು ಹೇಗಿದ್ದರೂ ಉರಿಯುತ್ತಲೇ ಇರುತ್ತದೆ. ಅದಕ್ಕೇ ಬೆಚ್ಚಗಿನ ಜಾಗದಲ್ಲಿ, ಸುಮಾರು 30 ಡಿಗ್ರಿಯಲ್ಲಿ ಇಟ್ಟು ನೋಡಿದರು. ಇಷ್ಟು ಜೋಪಾನವಾಗಿ ಕಂಡದ್ದನ್ನು ಸೀದಾ ನಿಮ್ಮ ಹೊಟ್ಟೆಗೆ ಅಂಟಿಸಿಕೊಳ್ಳಬೇಡಿ. ಅವು ಇಲಿಗಳು.

'ಹಾಗಾದರೆ ಕೊಬ್ಬು ಕರಗಿಸುವ ವಿಷವೂ ಇದೆಯಾ?' ಅಂತ ಯಾರೂ ಕೇಳಲಿಲ್ಲ. ಇದೆ. ಡೈನೈಟ್ರೋಫಿನಾಲ್ ಅಂತ, ಕಳೆನಾಶಕವಾಗಿ ಬಳಸಿದ್ದೂ ಉಂಟು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರು ಇದರಿಂದ ಬೆವರಿ, ಸೊರಗಿದರು. 1930ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನೇ ಸಣ್ಣ ಆಗುವ ಮಾತ್ರೆ ಮಾಡಿ ಮಾರಿದರು! ಯುಸಿಪಿ1 ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಆದರೆ ಮೈಯ ಎಲ್ಲ ಕಡೆ. ಯುಸಿಪಿ1ಗೆ ದೇಹ ನಲ್ಲಿ ಇಟ್ಟಿದೆ, ಬೇಕಾದಾಗ ತಿರುಗಿಸುತ್ತದೆ. ಇದಕ್ಕೆ ಅದಿಲ್ಲ. ಮೈ ಕಾದು ಕಾದೇ ಜನ ಸತ್ತರು, ಕೆಲವರಿಗೆ ಕಣ್ಣಿಗೆ ಪೊರೆ ಬಂತು. 1938ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಆ ಹಳದಿ ಪುಡಿ ಕದ್ದುಮುಚ್ಚಿ ಆನ್‌ಲೈನ್‌ನಲ್ಲಿ ಈಗಲೂ ಸಿಗುತ್ತದೆ.