ಸ್ತನ ಕ್ಯಾನ್ಸರ್ ನಂತರದ ಲೈಂಗಿಕ ಬದುಕು: ವೈದ್ಯಲೋಕ ತಡವಾಗಿ ಕೇಳಿದ ಪ್ರಶ್ನೆ

ಮೂವತ್ತರ ಹರೆಯದಲ್ಲಿ ಸ್ತನ ಕ್ಯಾನ್ಸರ್ ಬಂದು ವಾಸಿಯಾದ ಹೆಣ್ಣುಮಗಳ ಮುಂದೆ ಹಲವು ದಶಕಗಳ ಬಾಳು ಇರುತ್ತದೆ. ಮಿಲನದ ವೇಳೆ ಉರಿಯುತ್ತದೆ, ಆಸೆಯೇ ಹುಟ್ಟುತ್ತಿಲ್ಲ ಎಂದು ಆಕೆ ಹೇಳಿಕೊಂಡರೆ ಸಿಗುವ ಉತ್ತರ ಮಾತ್ರ ಬಹುಮಟ್ಟಿಗೆ ಒಂದೇ: ಜೀವ ಉಳಿಯಿತಲ್ಲ, ಅದೇ ದೊಡ್ಡದು. ಕಾಳಜಿಯಿಂದಲೇ ಬಂದ ಮಾತಾದರೂ ಅದು ಆಕೆಯ ಬಾಯಿ ಮುಚ್ಚಿಸುತ್ತದೆ. ಈ ಮೌನದ ಬೇರು ಚಿಕಿತ್ಸೆಯ ಚರಿತ್ರೆಯಲ್ಲೇ ಇದೆ.

ಅಮೆರಿಕದ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುತ್ತಿದ್ದರು. 20ನೇ ಶತಮಾನದ ಬಹುಭಾಗ ಇದೇ ರೂಢಿಯಾಗಿತ್ತು. ಗಂಟು ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು, ಕ್ಯಾನ್ಸರ್ ಕಂಡರೆ ಅಲ್ಲೇ ಸ್ತನ ತೆಗೆಯುವುದೂ ಮಾಮೂಲಾಗಿತ್ತು. ಎಚ್ಚರವಾದಾಗ ಎದೆ ಹೇಗಿರುತ್ತದೆ ಎಂಬುದು ಗೊತ್ತಿಲ್ಲದೆಯೇ ಹೆಂಗಸರು ಶಸ್ತ್ರಚಿಕಿತ್ಸೆಗೆ ಹೋಗುತ್ತಿದ್ದರು. ಸ್ವತಃ ಈ ಕಾಯಿಲೆ ಅನುಭವಿಸಿದ ಪತ್ರಕರ್ತೆ ರೋಸ್ ಕುಶ್ನರ್ 1970ರ ದಶಕದಲ್ಲಿ ಇದರ ವಿರುದ್ಧ ಹೋರಾಡಿದರು. ಪರೀಕ್ಷೆ ಬೇರೆ, ಶಸ್ತ್ರಚಿಕಿತ್ಸೆ ಬೇರೆ ಇರಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹೇಳಿದ್ದು 1979ರಲ್ಲಿ. ಒಪ್ಪಿಗೆಯನ್ನೇ ಸರಿಯಾಗಿ ಕೇಳದ ಕಾಲದಲ್ಲಿ ಸುಖದ ಬಗ್ಗೆ ಯಾರು ಕೇಳುತ್ತಿದ್ದರು?

ಮೊದಲ ಸಾಂತ್ವನ ಬಂದದ್ದು ರೋಗಿಗಳಿಂದಲೇ. ಸ್ತನ ಕಳೆದುಕೊಂಡ ಟೆರೀಸ್ ಲ್ಯಾಸರ್ 1950ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಹೋಗಿ, ಆಗಷ್ಟೇ ಶಸ್ತ್ರಚಿಕಿತ್ಸೆಯಾದವರ ಜೊತೆ ಮಾತಾಡತೊಡಗಿದರು. ಕೈಗೆ ಯಾವ ವ್ಯಾಯಾಮ, ಕೃತಕ ಸ್ತನ ಹೇಗೆ ಧರಿಸಬೇಕು ಎಂದು ತಿಳಿಸುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಆದರೂ ಗಮನವೆಲ್ಲ ಹೊರನೋಟದ ಮೇಲೇ ಇತ್ತು.

ಇಟಲಿಯ ಉಂಬರ್ಟೊ ವೆರೊನೆಸಿ 1981ರಲ್ಲಿ, ಅಮೆರಿಕದ ಬರ್ನಾರ್ಡ್ ಫಿಶರ್ 1985ರಲ್ಲಿ ಹೊರತಂದ ಅಧ್ಯಯನಗಳು ಚಿತ್ರವನ್ನು ಬದಲಿಸಿದವು. ಆರಂಭಿಕ ಹಂತದಲ್ಲಿ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯುವ ಸಾಧ್ಯತೆ ಅಷ್ಟೇ ಇರುತ್ತದೆ ಎಂದು ತಿಳಿಯಿತು. ಸ್ತನ ಉಳಿದರೆ ದಾಂಪತ್ಯವೂ ಉಳಿಯುತ್ತದೆ ಎಂದು ಅನೇಕರು ನಂಬಿದರು. ಆದರೆ ಅಮೆರಿಕದ ಕ್ಯಾನ್ಸರ್ ವೈದ್ಯೆ ಪ್ಯಾಟ್ರಿಷಿಯಾ ಗಾಂಜ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ನೇರವಾಗಿ ಹೆಂಗಸರನ್ನೇ ಕೇಳಿದಾಗ ಬೇರೆಯದೇ ಉತ್ತರ ಬಂತು. ಲೈಂಗಿಕ ಆರೋಗ್ಯವನ್ನು ನಿರ್ಧರಿಸುವುದರಲ್ಲಿ ಶಸ್ತ್ರಚಿಕಿತ್ಸೆ ಯಾವ ಬಗೆಯದೆಂಬುದಕ್ಕಿಂತ ಯೋನಿ ಒಣಗುವುದು, ಮನಸ್ಸಿನ ಸ್ಥಿತಿ, ತನ್ನ ದೇಹದ ಬಗ್ಗೆ ತನಗಿರುವ ಭಾವ, ಸಂಗಾತಿಯೊಡನೆ ಹೊಂದಾಣಿಕೆ ಇವೇ ಮುಖ್ಯವೆಂದು ಕಂಡುಬಂತು. ಈ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯ ಎನಿಸುವ ತಿರುವು ಇದೇ. ಎಲ್ಲರೂ ಎದೆಯನ್ನೇ ನೋಡುತ್ತಿದ್ದಾಗ ನೋವು ಬೇರೆಡೆ ಇತ್ತು.

ಕಾರಣ ಹಾರ್ಮೋನು. ಅಂಡಾಶಯ ತೆಗೆದರೆ ಕೆಲವರ ಸ್ತನ ಕ್ಯಾನ್ಸರ್ ಕುಗ್ಗುತ್ತದೆ ಎಂದು ಗ್ಲಾಸ್ಗೊದ ಜಾರ್ಜ್ ಬೀಟ್ಸನ್ 1896ರಲ್ಲೇ ವರದಿ ಮಾಡಿದ್ದರು. ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೊಜನ್ ಎಂಬ ಹಾರ್ಮೋನಿನಿಂದ ಬೆಳೆಯುವ ಗಡ್ಡೆಗೆ ಆ ಈಸ್ಟ್ರೊಜನ್ ಸಿಗದಂತೆ ಮಾಡುವುದೇ ಇಂದಿಗೂ ಚಿಕಿತ್ಸೆಯ ತಿರುಳು. ಕೀಮೊ ಅಂಡಾಶಯಕ್ಕೆ ಪೆಟ್ಟು ಕೊಡುತ್ತದೆ. ಗಡ್ಡೆಯ ಮೇಲೆ ಈಸ್ಟ್ರೊಜನ್ ಕೆಲಸ ಮಾಡದಂತೆ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಐದರಿಂದ ಹತ್ತು ವರ್ಷ ನುಂಗಬೇಕಾಗಬಹುದು. 2014ರಲ್ಲಿ ಬಂದ ಅಧ್ಯಯನಗಳ ನಂತರ, ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚಿರುವ ಕಿರಿಯರಿಗೆ ಅಂಡಾಶಯವನ್ನು ಔಷಧದಿಂದ ತಡೆದು, ಜೊತೆಗೆ ದೇಹದ ಬೇರೆಡೆ ಈಸ್ಟ್ರೊಜನ್ ತಯಾರಾಗುವುದನ್ನು ತಗ್ಗಿಸುವ ಎಕ್ಸೆಮೆಸ್ಟೇನ್‌ನಂಥ ಮಾತ್ರೆ ಕೊಡುವುದು ಹೆಚ್ಚಿತು. ಸಹಜವಾಗಿ ಮುಟ್ಟು ನಿಲ್ಲುವಾಗ ವರ್ಷಗಟ್ಟಲೆ ನಡೆಯುವ ಬದಲಾವಣೆ ಇಲ್ಲಿ ಕೆಲವೇ ವಾರಗಳಲ್ಲಿ ಆಗಿಬಿಡಬಹುದು. ಯೋನಿಯ ಒಳಪದರ ತೆಳುವಾಗಿ ತೇವ ಆರುತ್ತದೆ, ಮಿಲನದಲ್ಲಿ ಚರ್ಮ ಸೀಳಿ ರಕ್ತ ಬರುವುದೂ ಉಂಟು. ಒಮ್ಮೆ ನೊಂದ ಮೇಲೆ ಮುಂದಿನ ಸಲ ಭಯಕ್ಕೇ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿಯುತ್ತವೆ, ನೋವು ಇಮ್ಮಡಿಯಾಗುತ್ತದೆ. ಸಂಗಾತಿಯೋ, ಎಲ್ಲಿ ನೋಯುತ್ತದೋ ಎಂದು ಮುಟ್ಟಲೇ ಹಿಂಜರಿಯುತ್ತಾನೆ. ಆ ಹಿಂಜರಿಕೆಯನ್ನು ಆಕೆ ತಿರಸ್ಕಾರವೆಂದು ತಿಳಿದು ಒಳಗೇ ಕೊರಗುತ್ತಾಳೆ.

ಸ್ತನವನ್ನು ಮತ್ತೆ ರೂಪಿಸಿಕೊಂಡರೆ ಆಕಾರ ಬರುತ್ತದೆ, ಆದರೆ ಸ್ಪರ್ಶದ ಅರಿವು ಬಹುಪಾಲು ಮರಳುವುದಿಲ್ಲ. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಬೇಕು. ಟ್ಯಾಮಾಕ್ಸಿಫೆನ್ ಗರ್ಭನಿರೋಧಕವಲ್ಲ ಎಂಬುದನ್ನೂ ಹೇಳಬೇಕು. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು, ಆ ಮಾತ್ರೆ ಭ್ರೂಣಕ್ಕೆ ಹಾನಿಕರ. ಹಾರ್ಮೋನಿನ ಗರ್ಭನಿರೋಧಕಗಳು ಇವರಿಗೆ ಸಲ್ಲದ ಕಾರಣ ಕಾಂಡೋಮ್ ಅಥವಾ ಕಾಪರ್-ಟಿ ಬೇಕಾಗುತ್ತದೆ.

ಈಸ್ಟ್ರೊಜನ್ ಇಲ್ಲದ್ದೇ ತೊಂದರೆಯಾದರೆ ಅದನ್ನೇ ಕೊಡಬಾರದೇಕೆ? ಸ್ತನ ಕ್ಯಾನ್ಸರ್ ಆದವರಿಗೆ ಹಾರ್ಮೋನು ಕೊಟ್ಟು ನೋಡಿದ ಸ್ವೀಡನ್ ಮೂಲದ ಅಧ್ಯಯನವನ್ನು, ಕಾಯಿಲೆ ಮರುಕಳಿಸುವುದು ಹೆಚ್ಚಾದ್ದರಿಂದ 2003ರಲ್ಲಿ ನಿಲ್ಲಿಸಬೇಕಾಯಿತು. ಯೋನಿಗೆ ಮಾತ್ರ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೊಜನ್ ಬೇರೆ ವಿಷಯ. ಉಳಿದ ಉಪಾಯ ಫಲಿಸದಿದ್ದರೆ ಕ್ಯಾನ್ಸರ್ ತಜ್ಞರನ್ನು ಕೇಳಿ ಅದನ್ನು ಪರಿಗಣಿಸಬಹುದು. ಎಕ್ಸೆಮೆಸ್ಟೇನ್ ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದಕ್ಕೂ ಮೊದಲು ಮಾಡಬಹುದಾದ್ದು ಬಹಳಷ್ಟಿದೆ. ವಾರಕ್ಕೆ ಹಲವು ಸಲ ಹಚ್ಚುವ, ಹಾರ್ಮೋನಿಲ್ಲದ ತೇವಕಾರಿ ಜೆಲ್. ಮಿಲನದ ವೇಳೆಗೆ ನೀರು ಅಥವಾ ಸಿಲಿಕೋನ್ ಆಧಾರಿತ ಜಾರುಕ. ಬಿಗಿದ ಸ್ನಾಯುಗಳಿಗೆ ಫಿಸಿಯೊಥೆರಪಿ. ಯೋನಿದ್ವಾರಕ್ಕೆ, ಜಾಗ ಮರಗಟ್ಟಿಸುವ ಲಿಡೊಕೇನ್ ದ್ರಾವಣ ಹಚ್ಚಿದರೆ ನೋವು ತಗ್ಗುತ್ತದೆ ಎಂದು 2015ರ ಚಿಕ್ಕ ಅಧ್ಯಯನವೊಂದು ತೋರಿಸಿತು. ಅಂತರ್ಜಾಲದ ಮೂಲಕ ಕೊಡುವ ಮನೋಚಿಕಿತ್ಸೆಯಿಂದ ಉಪಯೋಗವಾಗುತ್ತದೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2017ರಲ್ಲಿ ವರದಿ ಮಾಡಿದರು.

ಲೈಂಗಿಕ ತೊಂದರೆಯ ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ಅನುಮತಿ, ಅಂದರೆ ಈ ಬಗ್ಗೆ ಮಾತಾಡಬಹುದು ಎಂಬ ಭರವಸೆ ಕೊಡುವುದು ಎಂದು ಮನಶ್ಶಾಸ್ತ್ರಜ್ಞ ಜಾಕ್ ಆ್ಯನನ್ 1976ರಲ್ಲೇ ಹೇಳಿದ್ದರು. ಮಾತು ಶುರು ಮಾಡುವ ಹೊಣೆ ರೋಗಿಯದಲ್ಲ, ಚಿಕಿತ್ಸೆ ಕೊಡುವವರದು ಎಂಬುದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘದ ಮಾರ್ಗಸೂಚಿಯಲ್ಲಿ ಬಂದದ್ದು 2018ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಎಷ್ಟೋ ಮಂದಿ ನೋವು ನುಂಗಿಕೊಂಡೇ ಇದ್ದಿರಬೇಕು.

ಹೆಂಗಸರ ಲೈಂಗಿಕ ಆರೋಗ್ಯವನ್ನು ಅಳೆಯುವ ಸಾಧನಗಳಲ್ಲೂ ಕೊರತೆಯಿದೆ. 2000ದಲ್ಲಿ ಬಂದು ಎಲ್ಲೆಡೆ ಬಳಕೆಯಾದ 19 ಪ್ರಶ್ನೆಗಳ ಪಟ್ಟಿ ಕಳೆದ ನಾಲ್ಕು ವಾರಗಳ ಅನುಭವವನ್ನು ಕೇಳುತ್ತದೆ. ಸಂಗಾತಿಯೇ ಇಲ್ಲದವರಿಗೆ ಅದರಲ್ಲಿ ಕಡಿಮೆ ಅಂಕ ಬಂದುಬಿಡುತ್ತದೆ. ಹೊಸದಾಗಿ ಪರಿಚಯವಾದವರಿಗೆ ಎದೆಯ ಗಾಯದ ಗುರುತಿನ ಬಗ್ಗೆ ಯಾವಾಗ ಹೇಳಬೇಕು ಎಂಬ ಇಪ್ಪತ್ತೆಂಟರ ಯುವತಿಯ ತಳಮಳ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ನೋವಿಗೆ ದಾರಿ ಸಿಕ್ಕಷ್ಟು ಆಸೆಗೆ ಸಿಕ್ಕಿಲ್ಲ. ಕ್ಯಾನ್ಸರ್ ದಾಟಿದ ಹೆಂಗಸರಿಗೆ ಗಂಡಸರಲ್ಲಿ ಹೆಚ್ಚಿರುವ ಟೆಸ್ಟೊಸ್ಟೆರಾನ್ ಹಾರ್ಮೋನಿನ ಕ್ರೀಮ್ ಹಚ್ಚಿ ನೋಡಿದ ಪ್ರಯೋಗದ ಫಲಿತಾಂಶ 2007ರಲ್ಲಿ ಬಂತು. ಹೋಲಿಕೆಗೆಂದು ಔಷಧವಿಲ್ಲದ ಕ್ರೀಮ್ ಹಚ್ಚಿಕೊಂಡವರಿಗಿಂತ ಅವರ ಆಸಕ್ತಿಯೇನೂ ಹೆಚ್ಚಿರಲಿಲ್ಲ. ಆಯಾಸ, ಖಿನ್ನತೆ, ನಿದ್ದೆಗೇಡು, ಖಿನ್ನತೆಗೆಂದು ಕೊಡುವ ಕೆಲವು ಮಾತ್ರೆಗಳು ಇವೆಲ್ಲವೂ ಆಸೆಯನ್ನು ಕುಗ್ಗಿಸುತ್ತವೆ. ಹಾಗಾಗಿ ಈಗ ತಜ್ಞರು ಒಂದೊಂದನ್ನೇ ಹುಡುಕಿ ಸರಿಪಡಿಸಲು ನೋಡುತ್ತಾರೆ. ಸಾಧ್ಯವಿದ್ದಲ್ಲಿ ಸಂಗಾತಿಯನ್ನೂ ಜೊತೆಗೆ ಕೂರಿಸಿಕೊಂಡು ಮಾತಾಡುತ್ತಾರೆ.