ವ್ಯಕ್ತಿಯೋ ಸಮಾಜವೋ: ಗ್ರಾನೊವೆಟರ್ ಅವರ 100 ಜನ

‘ವ್ಯಕ್ತಿ ಮುಖ್ಯವೋ, ಸಮಾಜವೋ’ ಅಂತ ಪ್ರಶ್ನೆ ಬಂದರೆ ನಾವೆಲ್ಲ ಎರಡೂ ಮುಖ್ಯ ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ಅಂಕ ಬರುತ್ತದೆ, ವಿಷಯ ತಲೆಗೆ ಹತ್ತುವುದಿಲ್ಲ. ಸಂಕೀರ್ಣತೆಯ ಚಿಂತನೆ, ಅಂದರೆ ಬಿಡಿಬಿಡಿ ಜನರ ನಡೆಗಳು ಸೇರಿ ದೊಡ್ಡದೊಂದು ಹೇಗೆ ಆಗುತ್ತದೆ ಅಂತ ನೋಡುವ ರೀತಿ, ಕೇಳುವುದೇ ಬೇರೆ: ಯಾರು ಯಾರನ್ನು ನೋಡಿ ಏನು ಮಾಡುತ್ತಾರೆ?

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಲೆಕ್ಕ ನೋಡಿ. 100 ಜನ ಸೇರಿದ್ದಾರೆ. ಗಲಾಟೆಗೆ ಇಳಿಯೋಕೆ ಒಬ್ಬೊಬ್ಬರಿಗೂ ಒಂದೊಂದು ಮಿತಿ: ತನಗಿಂತ ಮೊದಲು ಎಷ್ಟು ಜನ ಇಳಿದಿರಬೇಕು ಅನ್ನುವ ಸಂಖ್ಯೆ. ಸೊನ್ನೆಯವನಿಗೆ ಯಾರೂ ಜೊತೆ ಬೇಡ, ತಾನೇ ಕಲ್ಲು ಎಸೆಯುತ್ತಾನೆ. ಒಂದರವನು ಅವನನ್ನು ನೋಡಿ ಎಸೆಯುತ್ತಾನೆ, ಎರಡರವನು ಇವರಿಬ್ಬರನ್ನು ನೋಡಿ, ಹೀಗೆ 99ರವರೆಗೆ ಹೋಗಿ ಕೊನೆಗೆ ನೂರೂ ಜನ ಬೀದಿಗಿಳಿದಿರುತ್ತಾರೆ. ಈಗ ಒಂದರವನನ್ನು ತೆಗೆದು ಇನ್ನೊಬ್ಬ ಎರಡರವನನ್ನು ನಿಲ್ಲಿಸಿ. ಸೊನ್ನೆಯವನ ಕಲ್ಲು ಬೀಳುತ್ತದೆ, ಅಷ್ಟೇ. 99 ಜನ ಸುಮ್ನೆ ನಿಂತಿರುತ್ತಾರೆ. ಬದಲಾಗಿದ್ದು ಒಬ್ಬ ಮಾತ್ರ! ಸರಾಸರಿ ಮನಸ್ಸು ಎಂಥದ್ದು ಅಂತ ಸರ್ವೆ ಮಾಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಸಂಜೆ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲೂ ಇದೇ ಲೆಕ್ಕ. ಜಾಮ್ ಆದಾಗ ಮೊದಲು ಒಂದು ಸ್ಕೂಟರ್ ಫುಟ್‌ಪಾತ್ ಹತ್ತುತ್ತದೆ. ಹಿಂದಿನವರು ಒಂದು ಕ್ಷಣ ನೋಡುತ್ತಾರೆ. ಇನ್ನೊಂದು ಹತ್ತುತ್ತದೆ. ಆಮೇಲೆ ಸಾಲು. ಆದರೆ ಇಲ್ಲಿ ಗ್ರಾನೊವೆಟರ್ ಲೆಕ್ಕ ಬಿಟ್ಟುಬಿಟ್ಟ ಒಂದು ವಿಷಯ ಇದೆ, ನನಗೆ ಅದೇ ಜಾಸ್ತಿ ಮುಖ್ಯ ಅನಿಸುತ್ತದೆ: ಮಿತಿ ಹುಟ್ಟಿನಿಂದ ಬಂದದ್ದಲ್ಲ. ಊರಿಗೆ ಹೊಸದಾಗಿ ಬಂದವನು ಈ ಸಾಲನ್ನು ದಿನಾ ನೋಡಿ ‘ಇಲ್ಲಿ ಹೀಗೇ’ ಅಂತ ಕಲಿಯುತ್ತಾನೆ, ಅವನ ಮಿತಿ ಇಳಿಯುತ್ತದೆ. ಜನ ಸೇರಿ ಮಾಡಿದ ರೂಢಿಯೇ ತಿರುಗಿ ಜನರನ್ನು ರೂಪಿಸುತ್ತದೆ. ರೂಢಿ ಹೊರಗಿನಿಂದ ನಮ್ಮನ್ನು ಒತ್ತುತ್ತದೆ ಅಂತ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ 1895ರಲ್ಲೇ ಹೇಳಿದ್ದರು, ಆದರೆ ಅದು ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವುದು ಈ ಲೆಕ್ಕದಲ್ಲೇ ಚೆನ್ನಾಗಿ ಕಾಣುವುದು.

2012ರ ಆಗಸ್ಟ್ ನೆನಪಿದೆ ಅಲ್ವಾ? ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ವದಂತಿ ಹಬ್ಬಿ ಸಾವಿರಾರು ಜನ ಬೆಂಗಳೂರು ಬಿಟ್ಟರು, ಗುವಾಹಟಿಗೆ ವಿಶೇಷ ರೈಲು ಓಡಿಸಬೇಕಾಯಿತು. ಹೋದವರೆಲ್ಲ ವದಂತಿ ನಂಬಿರಬೇಕಾಗಿಲ್ಲ. ರೂಮ್‌ಮೇಟ್ ಬ್ಯಾಗ್ ಕಟ್ಟಿದರೆ, ಟಿವಿಯಲ್ಲಿ ತುಂಬಿದ ಪ್ಲಾಟ್‌ಫಾರ್ಮ್ ನೋಡಿ ಮನೆಯವರು ಫೋನ್ ಮಾಡಿದರೆ, ನಂಬದವನೂ ಟಿಕೆಟ್ ತೆಗೆಸುತ್ತಾನೆ. ಆಗ ಕೇಂದ್ರ ಸರ್ಕಾರ ಸಗಟು ಎಸ್ಸೆಮ್ಮೆಸ್, ಅಂದರೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಒಟ್ಟಿಗೆ ಕಳಿಸುವುದನ್ನು, ಕೆಲವು ದಿನ ತಡೆಯಿತು. ಇದು ಯಾರ ಮನಸ್ಸನ್ನೂ ಬದಲಿಸುವ ಕ್ರಮ ಅಲ್ಲ, ಯಾರ ಮಾತು ಎಷ್ಟು ಜನರಿಗೆ ಮುಟ್ಟುತ್ತದೆ ಅನ್ನುವುದನ್ನು ಕತ್ತರಿಸುವ ಕ್ರಮ.